ಎರಡು ಪ್ರೊಸೆಸರ್‌ನಲ್ಲಿ ಒಂದೇ ಯಾಕೆ ಕಾಯುತ್ತದೆ?

ಪ್ರಶ್ನೆ (ಕಾರವಾರ, ಕೋಡಿಬಾಗ): ಸರ್, ನಮ್ಮ ಸ್ಟುಡಿಯೋದಲ್ಲಿ ಎರಡು ಜಿಯಾನ್ ಪ್ರೊಸೆಸರ್ ಇರುವ ಹಳೇ ವರ್ಕ್‌ಸ್ಟೇಷನ್ ಕಂಪ್ಯೂಟರ್ ಇದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮದುವೆ ವಿಡಿಯೋ ರೆಂಡರ್‌ಗೆ (ಎಡಿಟ್ ಆದದ್ದನ್ನು ಫೈಲ್ ಮಾಡಲು) ಹಾಕಿದರೆ ಒಂದು ಪ್ರೊಸೆಸರ್ 64 ಡಿಗ್ರಿ, ಇನ್ನೊಂದು 95. ಆಮೇಲೆ ಕೆಲಸ ಕುಂಟುತ್ತದೆ, ಒಮ್ಮೊಮ್ಮೆ ಆಫ್ ಆಗಿಬಿಡುತ್ತದೆ. ಪ್ರೊಸೆಸರ್ ಹೋಗಿದೆ, ಬದಲಿಸಿ ಅನ್ನುತ್ತಾರೆ. ಹೌದಾ?

ಉತ್ತರ (ಶಿರಸಿ, ಕಂಪ್ಯೂಟರ್ ರಿಪೇರಿ): ತಡೀರಿ ಮಾರಾಯ್ರೇ, ಈಗಲೇ ದುಡ್ಡು ಹಾಕಬೇಡಿ. ಜಾಸ್ತಿ ಕಾದಾಗ ಪ್ರೊಸೆಸರ್ ತಾನೇ ವೇಗ ಇಳಿಸುತ್ತದೆ, ಕೈಮೀರಿದರೆ ಆಫ್ ಆಗುತ್ತದೆ. ಅದು ಕೆಟ್ಟಿರುವ ಲಕ್ಷಣವಲ್ಲ.

ಎರಡು ಇರುವುದೇ ನಿಮಗೆ ಅನುಕೂಲ. ಒಂದನ್ನು ನೋಡಿ ಇನ್ನೊಂದರ ತೊಂದರೆ ಹಿಡಿಯಬಹುದು. ಕೆಲವು ಮದರ್‌ಬೋರ್ಡ್‌ಗಳಲ್ಲಿ ಮೊದಲನೆಯದನ್ನು ದಾಟಿ ಬಿಸಿಯಾದ ಗಾಳಿಯೇ ಎರಡನೆಯದಕ್ಕೆ ಸಿಗುತ್ತದೆ. ಹಾಗಾಗಿ ಎಂಟ್ಹತ್ತು ಡಿಗ್ರಿ ಫರಕು ಮಾಮೂಲು. 31 ಡಿಗ್ರಿ ಅಂದರೆ ಏನೋ ಇದೆ.

ಬಿಸಿ ಎಷ್ಟಿದೆ ಅಂತ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ತೆರೆದಿಟ್ಟು ರೆಂಡರ್ ಶುರು ಮಾಡಿ. ಕೆಲವೇ ಸೆಕೆಂಡಿನಲ್ಲಿ 90ಕ್ಕೆ ಹಾರಿದರೆ ಹೀಟ್‌ಸಿಂಕ್ (ಬಿಸಿ ಎಳೆದುಕೊಳ್ಳುವ ಲೋಹದ ತುಂಡು) ಪ್ರೊಸೆಸರ್‌ಗೆ ಸರಿಯಾಗಿ ತಾಗಿಲ್ಲ. ನಡುವೆ ಬಿಸಿ ದಾಟಿಸುವ ಪೇಸ್ಟ್ ಒಣಗಿದೆ, ಇಲ್ಲವೇ ಸ್ಕ್ರೂ ಒಂದು ಕಡೆ ಸಡಿಲ. ಹತ್ತು ನಿಮಿಷ ತಗೊಂಡು ಏರಿದರೆ ಬಹುಮಟ್ಟಿಗೆ ಗಾಳಿಯದೇ ತಕರಾರು.

ಪ್ರಶ್ನೆ: ನಿಧಾನ ಏರುತ್ತದೆ ಸರ್. ಎರಡೂ ಫ್ಯಾನ್ ತಿರುಗುತ್ತಿವೆ. ಸದ್ಯ ಸೈಡ್ ಕವರ್ ತೆಗೆದು ಟೇಬಲ್ ಫ್ಯಾನ್ ಇಟ್ಟಿದ್ದೇನೆ.

ಉತ್ತರ: ಫ್ಯಾನ್ ತಿರುಗಿದರೆ ಸಾಲದು, ಗಾಳಿ ಒಳಗೆ ನುಗ್ಗಬೇಕು ಅಲ್ವಾ? ಮಷಿನ್ ಆಫ್ ಮಾಡಿ, ಪ್ಲಗ್ ಕಿತ್ತು, ಫ್ಯಾನ್ ಬಿಚ್ಚಿ ಅದರ ಹಿಂದಿನ ಹೀಟ್‌ಸಿಂಕ್ ನೋಡಿ. ಧೂಳು ಕಂಬಳಿ ಹಾಗೆ ಕೂತಿರುತ್ತದೆ, ಹೊರಗಿಂದ ಕಾಣುವುದೇ ಇಲ್ಲ. ನಿಮ್ಮ ಕಡಲ ಗಾಳಿಗೆ ಅದು ಅಂಟಂಟಾಗಿರುತ್ತದೆ, ಬ್ಲೋವರ್‌ಗೆ ಜಗ್ಗುವುದಿಲ್ಲ. ಮೊದಲು ಒಣ ಪೇಂಟ್ ಬ್ರಷ್‌ನಿಂದ ಎಬ್ಬಿಸಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆ ತಿರುಗದ ಹಾಗೆ ಬೆರಳಿಟ್ಟುಕೊಳ್ಳಿ.

ಟೇಬಲ್ ಫ್ಯಾನ್ ತೆಗೆದುಬಿಡಿ. ಉಪ್ಪುಗಾಳಿಯನ್ನು ಸುಮ್ನೆ ಬೋರ್ಡಿಗೆ ಊದಿದ ಹಾಗಾಗುತ್ತದೆ. ಮತ್ತೆ, ಪ್ರೊಸೆಸರ್ ಮೇಲೆ ಗಾಳಿ ಹಾಯಿಸುವ ಕಪ್ಪು ಪ್ಲಾಸ್ಟಿಕ್ ಡಕ್ಟ್ ಇದೆಯಾ?

ಪ್ರಶ್ನೆ: ಡಕ್ಟ್ ಇಲ್ಲ, ಸಿಕ್ಕಿಸುವ ಗುಳಿ ಮಾತ್ರ ಇದೆ. ಧೂಳು ನೀವು ಹೇಳಿದ ಹಾಗೇ ಇತ್ತು, ಹಾಳೆಯಾಗಿ ಎದ್ದು ಬಂತು. ಕವರ್ ಹಾಕಿ ನೋಡಿದೆ, ಈಗ 82.

ಉತ್ತರ: ಉಳಿದದ್ದು ಡಕ್ಟ್ ಇಲ್ಲದ್ದಕ್ಕೇ ಇರಬೇಕು. ಗಾಳಿ ಹೀಟ್‌ಸಿಂಕ್ ಒಳಗೆ ಹೋಗದೆ ಮೇಲಿಂದ ಜಾರಿ ಹೋಗುತ್ತದೆ. ಅದೇ ಮಾಡೆಲ್‌ನ ಗುಜರಿ ಮಷಿನ್‌ನಲ್ಲಿ ಡಕ್ಟ್ ಹುಡುಕಿ. ಸಿಗುವ ತನಕ ಅಂಗಡಿ ಬೋರ್ಡ್ ಬರೆಯುವ ಸನ್‌ಪ್ಯಾಕ್ ಪ್ಲಾಸ್ಟಿಕ್ ಶೀಟ್ ಮಡಚಿ ಮಾಡಿಕೊಳ್ಳಬಹುದು. ರೆಕ್ಕೆಗೆ ತಾಗದಿರಲಿ.

ಆಮೇಲೂ ಫರಕು ಉಳಿದರೆ ಎರಡೂ ಕೂಲರ್ (ಹೀಟ್‌ಸಿಂಕ್, ಫ್ಯಾನ್ ಸೇರಿ) ಅದಲುಬದಲು ಮಾಡಿ. ಎರಡೂ ಒಂದೇ ನಮೂನೆಯವಾದರೆ ಮಾತ್ರ. ಬಿಸಿ ಕೂಲರ್ ಜೊತೆಗೇ ಹೋದರೆ ಕೂಲರ್ ಹಾಳು, ಅಲ್ಲೇ ಉಳಿದರೆ ಅಲ್ಲ. ಹೀಟ್‌ಸಿಂಕ್ ಎತ್ತಿದ ಮೇಲೆ ಹಳೇ ಪೇಸ್ಟ್ ಒರೆಸಿ ಹೊಸದನ್ನೇ ಹಾಕಬೇಕು. ಸ್ಕ್ರೂಗಳನ್ನು ಎದುರುಬದುರು ಮೂಲೆಯಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯಿರಿ.