ಲಿವರ್‌ನಲ್ಲಿ ದೊಡ್ಡ ಗಡ್ಡೆ, ಎಎಫ್‌ಪಿ ನಾರ್ಮಲ್: ಇದು ಎಂಥದು ಮಾರಾಯ್ರೆ?

ಕಂಕನಾಡಿ_ಪಿಜಿ:
ಸ್ಕ್ಯಾನ್ ಓದುವ ಡಾಕ್ಟರುಗಳೇ, ತಲೆ ಕೆಟ್ಟುಹೋಗಿದೆ. ಐವತ್ತು ದಾಟಿದ ಹೆಂಗಸು, ಲಿವರಿನ ಬಲಗಡೆ ದೊಡ್ಡ ಒಂಟಿ ಗಡ್ಡೆ. ಸಿಟಿಯಲ್ಲಿ ಕಪ್ಪಗೆ ಉಂಟು, ಕಾಂಟ್ರಾಸ್ಟ್ ಕೊಟ್ಟರೂ ಅಷ್ಟಾಗಿ ಬೆಳಗುವುದಿಲ್ಲ. ಲಿವರ್ ಕ್ಯಾನ್ಸರ್‌ನಲ್ಲಿ ಎಷ್ಟೋ ಸಲ ಏರುವ ರಕ್ತದ ಎಎಫ್‌ಪಿ ನಾರ್ಮಲ್. ನಮ್ಮ ಸರ್ ಎಚ್‌ಸಿಸಿ (ಲಿವರ್ ಜೀವಕೋಶದ ಕ್ಯಾನ್ಸರ್) ಅಂತಾರೆ, ಸರ್ಜನ್ ಕೊಲಾಂಜಿಯೋ (ಪಿತ್ತನಾಳದ ಕ್ಯಾನ್ಸರ್) ಅಂತಾರೆ, ಫಿಸಿಶಿಯನ್ ಕೀವು ತುಂಬಿದ ಬಾವು ಅಂತ ಆ್ಯಂಟಿಬಯೋಟಿಕ್ ಶುರುಮಾಡಿ ಆಯಿತು. ನಾಳೆ ಮೀಟಿಂಗ್‌ನಲ್ಲಿ ಕೇಸ್ ತೋರಿಸಬೇಕಾದದ್ದು ನಾನು. ಏನು ಹೇಳಲಿ?

ಟ್ರಿಪಲ್‌ಫೇಸ್:
ಎಎಫ್‌ಪಿ ನಾರ್ಮಲ್ ಅಂತ ಎಚ್‌ಸಿಸಿ ಬಿಡಬೇಡಿ. ಎಷ್ಟೋ ಎಚ್‌ಸಿಸಿಯಲ್ಲಿ ಅದು ಏರುವುದೇ ಇಲ್ಲ. ನಿಮ್ಮ ಆರ್ಟೀರಿಯಲ್ ಫೇಸ್, ಅಂದ್ರೆ ಕಾಂಟ್ರಾಸ್ಟ್ ಆರ್ಟರಿಯಲ್ಲಿರುವಾಗ ತೆಗೆಯುವ ಚಿತ್ರ, ತಪ್ಪಿರಬೇಕು. ಕಾಂಟ್ರಾಸ್ಟ್ ಬರುವುದನ್ನು ಯಂತ್ರವೇ ನೋಡಿ ಸ್ಕ್ಯಾನ್ ಶುರುಮಾಡುವ ಬೋಲಸ್ ಟ್ರ್ಯಾಕಿಂಗ್ ಹಾಕಿದ್ದಾ, ಸುಮ್ನೆ ಸೆಕೆಂಡ್ ಎಣಿಸಿದ್ದಾ?

ಕಂಕನಾಡಿ_ಪಿಜಿ:
ಟ್ರ್ಯಾಕಿಂಗೇ. ಆರ್ಟರಿ ಚೆನ್ನಾಗಿ ತುಂಬಿದೆ, ಪೋರ್ಟಲ್ ವೇನ್‌ಗೆ ಆಗಷ್ಟೇ ಬರುತ್ತಿದೆ.

ಟ್ರಿಪಲ್‌ಫೇಸ್:
ಹಾಗಾದರೆ ಒಳಗೆ ನೆಕ್ರೋಸಿಸ್ (ಸತ್ತ ಭಾಗ) ಇರಬೇಕು, ಅದಕ್ಕೇ ಬೆಳಗುವುದಿಲ್ಲ. ಡಿಲೇಯ್ಡ್‌ನಲ್ಲಿ, ಅಂದ್ರೆ ತಡವಾಗಿ ತೆಗೆದ ಚಿತ್ರದಲ್ಲಿ, ವಾಷ್‌ಔಟ್ (ಸುತ್ತಲಿನ ಲಿವರ್‌ಗಿಂತ ಕಪ್ಪಾಗುವುದು) ಹುಡುಕಿ. ಇದು ಎಚ್‌ಸಿಸಿಯೇ.

ಉಡುಪಿ_ಪ್ರೋಬ್:
ಅಲ್ಲ, ಸಿರೋಸಿಸ್ (ಲಿವರ್ ಗಟ್ಟಿಯಾಗಿ ಹಾಳಾಗುವುದು) ಉಂಟಾ ಇಲ್ವಾ ಅಂತಲೇ ಹೇಳಲಿಲ್ಲ! ಸಿರೋಸಿಸ್ಸೂ ಇಲ್ಲ, ಕ್ರಾನಿಕ್ ಹೆಪಟೈಟಿಸ್ ಬಿ ಕೂಡ ಇಲ್ಲ ಅಂದ್ರೆ ಎಚ್‌ಸಿಸಿ ಎಷ್ಟು ಸಂಭವ ಅಂತ ಶ್ರೇಣಿ ಕೊಡುವ ಲೈ-ರಾಡ್ಸ್ ಹಾಕಲಿಕ್ಕೇ ಬರುವುದಿಲ್ಲ. ಅಲ್ಟ್ರಾಸೌಂಡ್ ಯಾರೂ ಮಾಡಲಿಲ್ವಾ? ಈಗ ಎಲ್ಲರಿಗೂ ಸೀದಾ ಸಿಟಿಗೆ ಓಡುವ ಚಾಳಿ.

ಕಂಕನಾಡಿ_ಪಿಜಿ:
ಸಿರೋಸಿಸ್ ಇದ್ದರೆ ಬರೆಯುತ್ತಿರಲಿಲ್ವಾ? ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಎಲ್ಲ ನೆಗೆಟಿವ್. ಬೇರೆ ಕ್ಯಾನ್ಸರ್‌ಗಳ ರಕ್ತಪರೀಕ್ಷೆ ಸಿಇಎ, ಸಿಎ 19-9 ನಾರ್ಮಲ್. ಅಲ್ಟ್ರಾಸೌಂಡ್‌ನಲ್ಲಿ ತುಂಬಾ ಕಪ್ಪು, ಸಿಸ್ಟ್ ಅಂತ ಅನಿಸುವಷ್ಟು, ಆದರೆ ಡಾಪ್ಲರ್ ಹಾಕಿದರೆ ಒಳಗೆ ರಕ್ತ ಹರಿಯುತ್ತದೆ. ಸಂಜೆ ಹೊತ್ತು ಜ್ವರ, ತೂಕ ಇಳಿದಿದೆ. ಮತ್ತೆ ಸಂಧಿವಾತಕ್ಕೆ ತುಂಬಾ ವರ್ಷದಿಂದ ಪ್ರತಿರಕ್ಷೆ ಕುಗ್ಗಿಸುವ ಮೆಥೊಟ್ರೆಕ್ಸೇಟ್ ಮಾತ್ರೆ ಉಂಟು, ಅದು ಇರಲಿ.

ಮಣಿಪಾಲ_ಎಂಆರ್:
ಅದು ಇರಲಿ ಅಂದ್ರೆ ಎಂಥ ಮಾರಾಯ್ರೆ, ಮೊದಲ ಸಾಲಲ್ಲಿ ಬರಬೇಕಾದ ಮಾತು ಅದು! ಪೋರ್ಟಲ್ ಫೇಸ್‌ನ (ಕಾಂಟ್ರಾಸ್ಟ್ ವೇನ್‌ಗಳಿಗೆ ತಲುಪಿದ ಹೊತ್ತಿನ) ತೆಳು ಕಟ್ ತೆಗೆದುಕೊಳ್ಳಿ. ಸಣ್ಣ ವ್ಯತ್ಯಾಸವೂ ಕಾಣುವ ಹಾಗೆ ವಿಂಡೋ ವಿಡ್ತ್ 150ಕ್ಕೆ ಇಳಿಸಿ ನಿಧಾನಕ್ಕೆ ಮೇಲೆ ಕೆಳಗೆ ಓಡಿಸಿ. ರಕ್ತನಾಳಗಳನ್ನು ಗಡ್ಡೆ ಪಕ್ಕಕ್ಕೆ ದೂಡಿದೆಯಾ, ಅಲ್ಲ ನಡುವಿನಿಂದಲೇ ಹಾದುಹೋಗುತ್ತವಾ?

ಟ್ರಿಪಲ್‌ಫೇಸ್:
ಲ್ಯಾಪ್‌ಟಾಪ್ ಪರದೆಯಲ್ಲಿ ಅದೆಲ್ಲ ಕಾಣುತ್ತದಾ? ನಾನು ಮನೆಯಲ್ಲೇ 3 ಮೆಗಾಪಿಕ್ಸೆಲ್‌ನ ಎರಡು ಮೆಡಿಕಲ್ ಮಾನಿಟರ್ ಇಟ್ಟಿದ್ದೇನೆ. ಕಿಟಕಿಗೆ ಕಪ್ಪು ಪರದೆ. ಆಟಿ ಮಳೆಗೆ ಕರೆಂಟ್ ಹೋದರೂ ಯುಪಿಎಸ್ ಉಂಟು.

ಉಡುಪಿ_ಪ್ರೋಬ್:
ಎರಡು ಮಾನಿಟರ್‌ನಲ್ಲಿ ನೋಡಿದರೂ ನಿಮಗೆ ಕಾಣುವುದು ಎಚ್‌ಸಿಸಿ ಒಂದೇ ಅಲ್ವಾ.

ಕಂಕನಾಡಿ_ಪಿಜಿ:
ನೋಡಿದೆ. ಬಲ ಹೆಪಾಟಿಕ್ ವೇನ್ ಗಡ್ಡೆಯ ನಡುವೆ ಸೀದಾ ಹೋಗುತ್ತದೆ. ಬಾಗಿಲ್ಲ, ಕಿರಿದಾಗಿಲ್ಲ, ಒಳಗೆ ಕ್ಲಾಟ್ ಇಲ್ಲ. ಪೋರ್ಟಲ್‌ನ ಒಂದು ಕೊಂಬೆಯೂ ಹಾಗೆಯೇ. ಪಿತ್ತನಾಳ ಉಬ್ಬಿಲ್ಲ. ಲಿವರ್ ಕ್ಯಾಪ್ಸೂಲ್ ಒಳಕ್ಕೆ ಎಳೆದುಕೊಂಡಿಲ್ಲ.

ಮಣಿಪಾಲ_ಎಂಆರ್:
ಕೊಲಾಂಜಿಯೋ ಆಗಿದ್ದರೆ ನಾಳಗಳನ್ನು ಅಮುಕುತ್ತಿತ್ತು, ಕ್ಯಾಪ್ಸೂಲ್ ಎಳೆಯುತ್ತಿತ್ತು, ಡಿಲೇಯ್ಡ್‌ನಲ್ಲಿ ಬೆಳಗುತ್ತಿತ್ತು. ಇಷ್ಟು ದೊಡ್ಡ ಎಚ್‌ಸಿಸಿ ಆಗಿದ್ದರೆ ವೇನ್‌ಗೆ ನುಗ್ಗುವ ಸಾಧ್ಯತೆ ಜಾಸ್ತಿ. ಲಿವರಿನ ಪ್ರೈಮರಿ ಲಿಂಫೋಮಾ, ಅಂದ್ರೆ ಲಿವರ್‌ನಲ್ಲೇ ಹುಟ್ಟಿದ ಲಿಂಫೋಸೈಟ್ ಕ್ಯಾನ್ಸರ್, ಯೋಚನೆ ಮಾಡಿ; ಮೆಥೊಟ್ರೆಕ್ಸೇಟ್ ಅದಕ್ಕೆ ದಾರಿ ಮಾಡುವುದುಂಟು. ಎಂಆರ್‌ಐ ಆಗಿದೆಯಾ? ಲಿಂಫೋಮಾದಲ್ಲಿ ರಕ್ತದಲ್ಲಿ ಏರುವ ಎಲ್‌ಡಿಎಚ್ ಎಷ್ಟು?

ಟ್ರಿಪಲ್‌ಫೇಸ್:
ಎಲ್ಲ ನಾನ್-ಹಾಡ್ಜ್‌ಕಿನ್ ಲಿಂಫೋಮಾ ಸೇರಿಸಿದರೂ ಅದು ಶೇ. 0.016 ಅಂತ ಓದಿದ ನೆನಪು. ಅದು ಹುಡುಕಿಕೊಂಡು ಮಂಗಳೂರಿಗೇ ಬರಬೇಕಾ? ಮತ್ತೆ, ನಾಳ ಸೀದಾ ಹೋಗುವುದು ಲಿವರಿನ ಒಂದೇ ಕಡೆ ಕೊಬ್ಬು ತುಂಬುವ ಫೋಕಲ್ ಫ್ಯಾಟ್‌ನಲ್ಲೂ ಉಂಟು.

ಮಣಿಪಾಲ_ಎಂಆರ್:
ಫ್ಯಾಟ್ ಆದರೆ ಎಂಆರ್‌ಐಯ ಔಟ್-ಆಫ್-ಫೇಸ್ ಚಿತ್ರದಲ್ಲಿ ಸಿಗ್ನಲ್ ಬೀಳಬೇಕು. ಜ್ವರ, ತೂಕ ಇಳಿದದ್ದು ಯಾವ ಫ್ಯಾಟ್‌ನಿಂದ ಸ್ವಾಮಿ?

ಕಂಕನಾಡಿ_ಪಿಜಿ:
ಎಂಆರ್‌ಐ ಆಗಿದೆ. ಔಟ್-ಆಫ್-ಫೇಸ್‌ನಲ್ಲಿ ಬದಲಾವಣೆ ಇಲ್ಲ. ಟಿ1ನಲ್ಲಿ ಕಪ್ಪು, ಟಿ2ನಲ್ಲಿ ತಕ್ಕಮಟ್ಟಿಗೆ ಬಿಳಿ. ನೀರಿನ ಅಲ್ಲಾಟ ನೋಡುವ ಡಿಫ್ಯೂಷನ್ ಚಿತ್ರ ಬಿ 800ರಲ್ಲಿ ಬೆಳ್ಳಗೆ ಹೊಳೆಯುತ್ತದೆ. ಎಲ್‌ಡಿಎಚ್ ಸಾವಿರ ದಾಟಿದೆ, ಫೈಲ್‌ನಲ್ಲಿ ಉಂಟು.

ಮಣಿಪಾಲ_ಎಂಆರ್:
ಬಿ 800 ಒಂದನ್ನೇ ನಂಬಬೇಡಿ, ಟಿ2 ಶೈನ್-ಥ್ರೂ (ಟಿ2ನ ಬಿಳಿಯೇ ಇಲ್ಲೂ ಕಾಣುವುದು) ಇರಬಹುದು. ನೀರಿನ ಅಲ್ಲಾಟವನ್ನಷ್ಟೇ ತೋರಿಸುವ ಎಡಿಸಿ ಮ್ಯಾಪ್‌ನಲ್ಲಿ ಅದೇ ಜಾಗ ಗಾಢ ಕಪ್ಪಾಗಿದ್ದರೆ ಮಾತ್ರ ನಿಜವಾದ ರೆಸ್ಟ್ರಿಕ್ಷನ್. ಲಿಂಫೋಮಾದಲ್ಲಿ ಜೀವಕೋಶಗಳು ಕೃಷ್ಣ ಜನ್ಮಾಷ್ಟಮಿ ದಿನದ ರಥಬೀದಿ ಹಾಗೆ ಒತ್ತೊತ್ತಾಗಿ ಇರುತ್ತವೆ, ನೀರಿಗೆ ಅಲ್ಲಾಡಲಿಕ್ಕೆ ಜಾಗ ಇಲ್ಲ. ಕೀವೂ ಎಡಿಸಿಯಲ್ಲಿ ಕಪ್ಪೇ. ಆದರೆ ಕೀವಿಗೆ ಕಾಂಟ್ರಾಸ್ಟ್ ಹೋಗುವುದಿಲ್ಲ, ಅದರ ನಡುವೆ ವೇನ್ ನೆಟ್ಟಗೆ ಉಳಿಯುವುದೂ ಇಲ್ಲ.

ಕಂಕನಾಡಿ_ಪಿಜಿ:
ಎಡಿಸಿಯಲ್ಲಿ ಸ್ಪ್ಲೀನ್‌ಗಿಂತಲೂ ಕಪ್ಪು. ಸರ್ ಸಣ್ಣ ಸೂಜಿಯಲ್ಲಿ ಜೀವಕೋಶ ಎಳೆಯುವ ಎಫ್‌ಎನ್‌ಎಸಿ ಸಾಕು ಅಂತಾರೆ. ಗಂಟುನೋವು ಜಾಸ್ತಿ ಆಗಿದೆ ಅಂತ ಇವತ್ತಿನಿಂದ ಸ್ಟೀರಾಯ್ಡ್ ಶುರುಮಾಡುವವರೂ ಇದ್ದಾರೆ.

ಸ್ಲೈಡ್‌ಬಾಕ್ಸ್:
ದಮ್ಮಯ್ಯ, ಪೆಥಾಲಜಿಯವಳು ಹೇಳುತ್ತಿದ್ದೇನೆ, ಸ್ಟೀರಾಯ್ಡ್ ನಿಲ್ಲಿಸಿ! ಬಯಾಪ್ಸಿಗೆ ಮೊದಲು ಅದು ಹೋದರೆ ಲಿಂಫೋಮಾ ಕರಗಿ, ನನ್ನ ಸ್ಲೈಡ್‌ನಲ್ಲಿ ಸತ್ತ ಜೀವಕೋಶ ಬಿಟ್ಟು ಬೇರೇನೂ ಇರುವುದಿಲ್ಲ. ಎಫ್‌ಎನ್‌ಎಸಿ ಬೇಡ, ಕೋರ್ (ದಪ್ಪ ಸೂಜಿಯಲ್ಲಿ ತೆಗೆದ ತುಂಡು) ಬೇಕು. ಕೋರ್‌ಗಳು ಫಾರ್ಮಲಿನ್‌ಗೆ, ಒಂದನ್ನು ಜೀವಂತ ಕೋಶಗಳ ಗುರುತು ನೋಡುವ ಫ್ಲೋ ಸೈಟೋಮೆಟ್ರಿಗೆ ಫಾರ್ಮಲಿನ್ ಮುಟ್ಟಿಸದೆ ಬೇರೆ ಕಳಿಸಿ. ರಿಕ್ವೆಸ್ಟ್‌ನಲ್ಲಿ ಲಿಂಫೋಮಾ ಶಂಕೆ ಅಂತಲೂ ಮೆಥೊಟ್ರೆಕ್ಸೇಟ್ ಅಂತಲೂ ಬರೆಯಿರಿ. ಆಗ ಬಿ, ಟಿ ಕೋಶಗಳ ಗುರುತಾದ ಸಿಡಿ20, ಸಿಡಿ3 ಜೊತೆ ಎಪ್‌ಸ್ಟೀನ್-ಬಾರ್ ವೈರಸ್, ಅಂದ್ರೆ ಇಬಿವಿಯನ್ನೂ ನೋಡುತ್ತಾರೆ. ಮೆಥೊಟ್ರೆಕ್ಸೇಟ್ ನಿಲ್ಲಿಸಿದಾಗ ಕೆಲವರಲ್ಲಿ ಗಡ್ಡೆ ತಾನಾಗಿ ಕುಗ್ಗುವುದೂ ಉಂಟು.

ಉಡುಪಿ_ಪ್ರೋಬ್:
ಪ್ರೈಮರಿ ಅಂತ ಈಗಲೇ ಬರೆಯಬೇಡಿ. ಇಡೀ ಮೈ ನೋಡುವ ಪೆಟ್-ಸಿಟಿಯಲ್ಲಿ ಬೇರೆ ಕಡೆ ರೋಗ ಇರುವ ಲಿಂಫ್ ನೋಡ್ ಇರಬಾರದು. ಬ್ಲಡ್ ಸ್ಮಿಯರ್, ಬೋನ್ ಮ್ಯಾರೋ ಕೂಡ ಕ್ಲೀನ್ ಇರಬೇಕು.

ಟ್ರಿಪಲ್‌ಫೇಸ್:
ಬಯಾಪ್ಸಿ ಬರಲಿ, ನೋಡುವ. ನಾನು ಎಚ್‌ಸಿಸಿ ಬಿಟ್ಟಿಲ್ಲ.

ಕಂಕನಾಡಿ_ಪಿಜಿ:
ಸ್ಟೀರಾಯ್ಡ್ ನಿಂತಿತು. ಕೋರ್ ಶುಕ್ರವಾರ, ಅಲ್ಟ್ರಾಸೌಂಡ್ ಹಿಡಿದು. ಮೇಡಂ, ಫ್ಲೋದ ಸ್ಯಾಂಪಲ್ ಸೋಮವಾರದವರೆಗೆ ಫ್ರಿಜ್‌ನಲ್ಲಿ ಇಟ್ಟರೆ ನಡೆಯುತ್ತದಾ?

ಸ್ಲೈಡ್‌ಬಾಕ್ಸ್:
ನಡೆಯುವುದಿಲ್ಲ. ಬೆಳಿಗ್ಗೆಯೇ ಮಾಡಿ, ಅವತ್ತೇ ಕಳಿಸಿ.

ಕಡಬ_ಟೆಕ್:
ಟ್ರಿಪಲ್‌ಫೇಸ್ ಅಣ್ಣ, ಆ ಮಾನಿಟರ್ ಸೆಕೆಂಡ್‌ಹ್ಯಾಂಡ್ ಸಿಗುತ್ತದಾ? ಯುಪಿಎಸ್ ಎಷ್ಟು ಕೆವಿಎದ್ದು?