ಎ7ಸಿ 2 ಥರದ ಪುಟ್ಟ ಫುಲ್‌ಫ್ರೇಮ್: ತಗೊಳ್ಳೋದಾ, ಬೇಡವಾ?

ಕಬ್ಬನ್_ಬೆಳಗು:

ಸೋನಿಯ ಪುಟ್ಟ ಫುಲ್‌ಫ್ರೇಮ್ (ಹಳೇ 35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾ ಎ7ಸಿ 2 ಮೇಲೆ ಕಣ್ಣಿದೆ. ಬಳಕೆ ಇಷ್ಟು: ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕ್, ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲು, ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ, ಕಾರ್ತಿಕದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆ. ವರ್ಷಕ್ಕೆ ನಾಲ್ಕೈದು ನೆಂಟರ ಮದುವೆ. ಓಡಾಟವೆಲ್ಲ ಮೆಟ್ರೋದಲ್ಲಿ, ಆದ್ದರಿಂದ ಹೆಗಲಿಗೆ ಚಿಕ್ಕ ಚೀಲ ಸಾಕು ಅನ್ನೋ ಆಸೆ.

ಬ್ಯಾಟರಿ, ಕಾರ್ಡ್ ಸೇರಿ ಎ7ಸಿ 2 514 ಗ್ರಾಂ, ಅದರ ದೊಡ್ಡಣ್ಣ ಸೋನಿ ಎ7 4 658 ಗ್ರಾಂ. ಎರಡರ ಸೆನ್ಸರೂ 33 ಮೆಗಾಪಿಕ್ಸೆಲ್. ಚಿಕ್ಕದು ಮಾಡೋಕೆ ಏನೇನು ಕಿತ್ತಿದ್ದಾರೆ, ಅದು ಕೆಲಸದಲ್ಲಿ ಎಲ್ಲಿ ಕೈಕೊಡುತ್ತೆ ಅನ್ನೋದು ಬೇಕು. ಸ್ಪೆಕ್ ಪಟ್ಟಿ ಓದಿದ್ದೇನೆ, ಅದನ್ನೇ ಮತ್ತೆ ಹಾಕಬೇಡಿ ದಯವಿಟ್ಟು.

ಎಫ್‌ಸ್ಟಾಪ್:

ಮೊದಲು ತೂಕದ ಮಾತು ಮುಗಿಸಿಬಿಡೋಣ. ಬಾಡಿಯಲ್ಲಿ (ಲೆನ್ಸ್ ಬಿಟ್ಟ ಕ್ಯಾಮೆರಾದಲ್ಲಿ) ಉಳಿಯೋದು 144 ಗ್ರಾಂ, ಅಷ್ಟೇ. 40 ಎಂಎಂ ಎಫ್/2.5 ಜಿ ಲೆನ್ಸ್ (173 ಗ್ರಾಂ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು) ಅಥವಾ ಮಡಚುವ 28-60 (167 ಗ್ರಾಂ) ಹಾಕಿದರೆ ಒಟ್ಟು 700 ಗ್ರಾಂ ಒಳಗೆ, ನಿಮ್ಮ ಚಿಕ್ಕ ಚೀಲಕ್ಕೆ ಸರಿ. ಅದೇ ಬಾಡಿಗೆ ಎಫ್/2.8 ಜೂಮ್ ಆದ 24-70 ಜಿಎಂ 2 (695 ಗ್ರಾಂ) ಹಾಕಿ ನೋಡಿ, ಮೂಗಿಗಿಂತ ಮೂಗುತಿ ಭಾರ. ಮೂತಿ ಕೆಳಗೆ ಬಾಗುತ್ತೆ, ಕಿರುಬೆರಳಿಗೆ ಹಿಡಿಯೋಕೆ ಜಾಗ ಸಿಗಲ್ಲ, ದಪ್ಪ ಲೆನ್ಸಿಗೂ ಗ್ರಿಪ್ಪಿಗೂ ನಡುವೆ ಬೆರಳ ಗೆಣ್ಣು ಒತ್ತುತ್ತೆ. ಕೆಳಗೆ ಗ್ರಿಪ್ ಎಕ್ಸ್‌ಟೆನ್ಶನ್ ಸಿಕ್ಕಿಸಿದರೆ ಹಿಡಿತ ಬರುತ್ತೆ, ಆದರೆ ಚಿಕ್ಕದು ಅಂತ ತಗೊಂಡಿದ್ದು ಯಾಕೆ ಅನ್ನೋ ಪ್ರಶ್ನೆಯೂ ಜೊತೆಗೇ ಬರುತ್ತೆ. ದೊಡ್ಡ ಎಫ್/2.8 ಜೂಮೇ ನಿಮ್ಮ ಮುಖ್ಯ ಲೆನ್ಸ್ ಆಗೋದಾದರೆ ಎ7 4 ತಗೊಳ್ಳಿ, ಮುಂದೆ ಓದೋದೇ ಬೇಡ.

ಇನ್ನು ಶಟರ್. ಕಿತ್ತಿದ್ದರಲ್ಲಿ ದೊಡ್ಡದು ಇದೇ. ಎ7ಸಿ 2ರಲ್ಲಿ ಮೆಕ್ಯಾನಿಕಲ್ ಮುಂಪರದೆ (ಎಕ್ಸ್‌ಪೋಷರ್ ಶುರುಮಾಡೋ ನಿಜವಾದ ಪರದೆ) ಇಲ್ಲ. ಎಕ್ಸ್‌ಪೋಷರ್ ಶುರುವಾಗೋದು ಎಲೆಕ್ಟ್ರಾನಿಕ್ ಆಗಿ, ಮುಚ್ಚೋದು ಮಾತ್ರ ನಿಜವಾದ ಪರದೆ. ಈ ಶಟರಿನಿಂದ ಎರಡು ತೊಂದರೆ.

ಒಂದು, ಮಾಮೂಲಿ ಶಟರಿನ ಗರಿಷ್ಠ ವೇಗ 1/4000 ಸೆಕೆಂಡ್. ಬೆಂಗಳೂರಿನ ಮಧ್ಯಾಹ್ನದ ಬಿಸಿಲಿಗೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಎಫ್/16, 1/100 ಅಂತ ಇಟ್ಟುಕೊಂಡು ಲೆಕ್ಕ ಹಾಕಿ. ಎಫ್/2.8ಕ್ಕೆ 1/3200, ಎಫ್/2.5ಕ್ಕೆ ಸರಿಯಾಗಿ 1/4000. ಅಲ್ಲಿಗೆ ಮುಗೀತು. ಎಫ್/1.8ಕ್ಕೆ 1/8000 ಬೇಕು, ಅದು ಮಾಮೂಲಿ ಶಟರಿನಲ್ಲಿಲ್ಲ, ಪೂರ್ತಿ ಎಲೆಕ್ಟ್ರಾನಿಕ್ ಆದ ಸೈಲೆಂಟ್ ಶಟರಿನಲ್ಲಿ ಮಾತ್ರ. ಐಎಸ್‌ಒ 50ಕ್ಕೆ ಇಳಿಸಬಹುದು, ಆದರೆ ಅದು ವಿಸ್ತರಿತ ಐಎಸ್‌ಒ. ಮಲ್ಲಿಗೆ ಮಾಲೆ, ಬಿಳಿ ಪಂಚೆ ಇಂಥ ಕಡೆ ಹೈಲೈಟ್ ಬೇಗ ಸುಟ್ಟುಹೋಗುತ್ತೆ. ಬೆಳಕನ್ನು ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಅರ್ಧ, ಎರಡು ಅಂದರೆ ಕಾಲು ಭಾಗ) ಇಳಿಸೋ ಎನ್‌ಡಿ4 ಫಿಲ್ಟರ್ ಇಟ್ಟುಕೊಳ್ಳಿ, ಎಫ್/1.4ಕ್ಕೂ ಸಾಕಾಗುತ್ತೆ. 40 ಎಂಎಂ ಜಿಗೆ 49 ಎಂಎಂ ದಾರದ್ದು ಬೇಕು.

ಎರಡನೆಯದು ಬೊಕೆ (ಮಸುಕಾದ ಹಿನ್ನೆಲೆಯ ದುಂಡು ಬೆಳಕು) ಕತ್ತರಿ. ಎಲೆಕ್ಟ್ರಾನಿಕ್ ಪರದೆ ಓಡೋದು ಸೆನ್ಸರಿನ ಮೇಲೇ, ಹಿಂಪರದೆ ಮಾತ್ರ ಸೆನ್ಸರಿಗಿಂತ ಸ್ವಲ್ಪ ಮುಂದೆ. ವೇಗ ಹೆಚ್ಚಿದಷ್ಟೂ ನಡುವಿನ ಸೀಳು ಕಿರಿದಾಗುತ್ತೆ. ಲೆನ್ಸ್ ಪೂರ್ತಿ ತೆರೆದಿದ್ದರೆ ಓರೆಯಾಗಿ ಬರುವ ಬೆಳಕನ್ನು ಹಿಂಪರದೆ ತಡೆಯುತ್ತೆ. ಪರಿಣಾಮ, ಹಿನ್ನೆಲೆಯ ದುಂಡು ಬೆಳಕುಗಳು ಕಚ್ಚಿದ ನಿಪ್ಪಟ್ಟಿನ ಹಾಗೆ ಕಾಣುತ್ತವೆ. ಎಫ್/1.4, ಎಫ್/1.8ರಲ್ಲಿ 1/2000 ದಾಟಿದರೆ ಎದ್ದು ಕಾಣುತ್ತೆ, 1/1000 ಒಳಗಿದ್ದರೆ ಗೊತ್ತಾಗೋದು ಕಷ್ಟ. ಎಫ್/2.5 ಲೆನ್ಸಿನಲ್ಲಿ ತಲೆಕೆಡಿಸಿಕೊಳ್ಳೋ ಅಗತ್ಯವಿಲ್ಲ. ಎ7 4ರಲ್ಲಾದರೆ ಎಲೆಕ್ಟ್ರಾನಿಕ್ ಮುಂಪರದೆಯನ್ನು ಮೆನುವಿನಲ್ಲಿ ಆಫ್ ಮಾಡಬಹುದು, ಇಲ್ಲಿ ಆ ಆಯ್ಕೆಯೇ ಇಲ್ಲ.

ಗಟ್ಟಿಮೇಳ_ಕ್ಲಿಕ್:

ಮೇಲಿನವರು ಹೇಳಿದ್ದು ಸರಿ, ಆದರೆ ಮದುವೆ ವಿಷಯ ಬಿಟ್ಟರು. ಕಾರ್ಡ್ ಸ್ಲಾಟ್ ಒಂದೇ. ನೆಂಟರ ಮದುವೆ ಅಂದರೆ ಪರವಾಗಿಲ್ಲ. ದುಡ್ಡು ತಗೊಂಡು ತೆಗೆಯೋದಾದರೆ ಮಾತ್ರ ಇದೊಂದೇ ಬಾಡಿ ನಂಬಿಕೊಂಡು ಹೋಗಬಾರದು, ಗಟ್ಟಿಮೇಳ ಎರಡನೇ ಸಲ ಬಾರಿಸಲ್ಲ.

ಒಂದೇ ಸ್ಲಾಟಿನಲ್ಲಿ ಅಪಾಯ ತಗ್ಗಿಸೋ ಕ್ರಮ: 256 ಜಿಬಿಯ ಒಂದು ಕಾರ್ಡಿನ ಬದಲು 64 ಜಿಬಿಯ ನಾಲ್ಕು ವಿ60 (ವೇಗವಾಗಿ ಬರೆಯುವ) ಕಾರ್ಡ್. ವರಪೂಜೆಗೆ ಒಂದು, ಕಾಶಿಯಾತ್ರೆಯಿಂದ ಧಾರೆಯವರೆಗೆ ಒಂದು, ಆಮೇಲೆ ಆರತಕ್ಷತೆಗೆ ಒಂದು, ಇನ್ನೊಂದು ಕೈಮೀಸಲು. ಕಾರ್ಡ್ ತುಂಬಲಿ ಅಂತ ಕಾಯಬೇಡಿ, ಶಾಸ್ತ್ರ ಮುಗಿದ ಕೂಡಲೇ ಬದಲಾಯಿಸಿ. ಹೊಸದಾಗಿ ಹಾಕುವ ಕಾರ್ಡನ್ನು ಕಂಪ್ಯೂಟರಿನಲ್ಲಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಕಂಪ್ರೆಸ್ ಮಾಡದ ರಾ (ಸೆನ್ಸರಿನ ಕಚ್ಚಾ) ಫೈಲ್ ಸುಮಾರು 70 ಎಂಬಿ, ಕಂಪ್ರೆಸ್ಡ್ ಅದರ ಅರ್ಧ. ಅಂದಹಾಗೆ ಸೆಕೆಂಡಿಗೆ 10 ಫ್ರೇಮ್ ಸಿಗೋದು ಜೆಪೆಗ್ ಅಥವಾ ಕಂಪ್ರೆಸ್ಡ್ ರಾನಲ್ಲಿ ಮಾತ್ರ. ಲಾಸ್‌ಲೆಸ್‌ಗೆ ಹೋದರೆ ವೇಗ ಇಳಿಯುತ್ತೆ, ಅಕ್ಷತೆ ಬೀಳೋ ಹೊತ್ತಿಗೆ ಇದು ನೆನಪಿರಲಿ.

ಫ್ಲ್ಯಾಷ್ ಸಿಂಕ್ (ಫ್ಲ್ಯಾಷ್ ಜೊತೆ ಬಳಸಬಹುದಾದ ಗರಿಷ್ಠ ಶಟರ್ ವೇಗ) 1/160. ಛತ್ರದ ಒಳಗೆ ಸಾಕು. ಅರಿಶಿನದ ಶಾಸ್ತ್ರ ಬಯಲಲ್ಲಿ ಬಿಸಿಲಿಗೆ ಇಟ್ಟುಕೊಂಡರೆ ಐಎಸ್‌ಒ 100ಕ್ಕೆ ಎಫ್/13ರ ಹತ್ತಿರ ಹೋಗಬೇಕಾಗುತ್ತೆ, ಹಿನ್ನೆಲೆಯ ಶಾಮಿಯಾನ, ಕುರ್ಚಿ ಎಲ್ಲ ಸ್ಪಷ್ಟವಾಗಿ ಕೂತುಬಿಡುತ್ತೆ. ಆ ಮಿತಿ ದಾಟೋಕೆ ಹೈಸ್ಪೀಡ್ ಸಿಂಕ್ ಹಾಕಿದರೆ ಫ್ಲ್ಯಾಷಿನ ಬಲ ಎರಡು ಸ್ಟಾಪಿನಷ್ಟಾದರೂ ಕುಸಿಯುತ್ತೆ, ಚಿಕ್ಕ ಫ್ಲ್ಯಾಷ್ ಸಾಲದು. ಎ7 4ರ ಸಿಂಕ್ 1/250.

ಸೈಲೆಂಟ್ ಶಟರ್ ಬಗ್ಗೆ ಎಚ್ಚರ. ಮಂತ್ರ ನಡೀವಾಗ ಸದ್ದಿಲ್ಲ ಅಂತ ಆಸೆಯಾಗುತ್ತೆ, ಆದರೆ ಈ ಸೆನ್ಸರ್ ಪೂರ್ತಿ ಓದಿ ಮುಗಿಸೋಕೆ ಸುಮಾರು 1/15 ಸೆಕೆಂಡ್ ಬೇಕು. ನಮ್ಮ ಕರೆಂಟ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತೆ, ಅಂದರೆ ಒಂದು ಚಿತ್ರದೊಳಗೆ ಆರೇಳು ಪಟ್ಟೆ. ವೇಗ 1/50 ಅಥವಾ 1/100ಕ್ಕೆ ಇಟ್ಟರೆ ಮಾಮೂಲಿ ದೀಪದ ಪಟ್ಟೆ ಹೋಗುತ್ತೆ. ಹಿಂದಿನ ಎಲ್‌ಇಡಿ ಗೋಡೆ ಬೇರೆ ಜಾತಿ, ಅದು ಇನ್ನೂ ಬೇಗ ಮಿಟುಕುತ್ತೆ. ಅದಕ್ಕೆ ಮೆನುವಿನ ವೇರಿಯಬಲ್ ಶಟರ್ ಆನ್ ಮಾಡಿ, ಸ್ಕ್ರೀನ್ ನೋಡುತ್ತಾ ವೇಗವನ್ನು ಸಣ್ಣ ಸಣ್ಣದಾಗಿ ಸರಿಸಿ ಪಟ್ಟೆ ಮಾಯವಾಗೋ ಜಾಗದಲ್ಲಿ ನಿಲ್ಲಿಸಬೇಕು. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಸೈಲೆಂಟ್ ಬಿಟ್ಟು ಮಾಮೂಲಿ ಶಟರ್, ಜೊತೆಗೆ ಆಂಟಿ-ಫ್ಲಿಕರ್ ಆನ್.

ರಾಜಾಜಿನಗರ_ರಾ:

ಇದೇ ಗಾತ್ರದಲ್ಲಿ ಇನ್ನೆರಡು ಇವೆ. ಕ್ಯಾನನ್ ಆರ್8 ಇನ್ನೂ ಹಗುರ, 461 ಗ್ರಾಂ. 4ಕೆ 60 ಪೂರ್ತಿ ಅಗಲದಲ್ಲಿ ಸಿಗುತ್ತೆ (ಎ7ಸಿ 2ರಲ್ಲಿ 4ಕೆ 60ಕ್ಕೆ ಸೂಪರ್ 35 ಕ್ರಾಪ್, ಅಂದರೆ ಸೆನ್ಸರಿನ ನಡುಭಾಗ ಮಾತ್ರ). ಆದರೆ ಬಾಡಿಯಲ್ಲಿ ಸ್ಟೆಬಿಲೈಸೇಶನ್ (ಕೈನಡುಕ ಸರಿದೂಗಿಸೋ ವ್ಯವಸ್ಥೆ) ಇಲ್ಲ, ಬ್ಯಾಟರಿ ಎಲ್‌ಪಿ-ಇ17, 1040 ಎಂಎಎಚ್. ಸೋನಿಯ ಎಫ್‌ಜೆಡ್100 2280 ಎಂಎಎಚ್. ಪರಿಷೆ ಪೂರ್ತಿ ತಿರುಗೋದಾದರೆ ಆರ್8ಗೆ ಮೂರು ಬ್ಯಾಟರಿ ಇಟ್ಟುಕೊಳ್ಳಿ.

ಲೂಮಿಕ್ಸ್ ಎಸ್9: ವ್ಯೂಫೈಂಡರ್ ಇಲ್ಲ, ಮೆಕ್ಯಾನಿಕಲ್ ಶಟರ್ ಇಲ್ಲ, ಮೇಲಿನ ಶೂಗೆ ಕಾಂಟ್ಯಾಕ್ಟ್ ಇಲ್ಲದ್ದರಿಂದ ಫ್ಲ್ಯಾಷ್ ಕೂಡ ಇಲ್ಲ. ಮದುವೆಗೆ ಲೆಕ್ಕಕ್ಕೇ ತಗೋಬೇಡಿ.

ಕಬ್ಬನ್_ಬೆಳಗು:

ಎಲ್ಲರಿಗೂ ಧನ್ಯವಾದ. ಇನ್ನೆರಡು ಪ್ರಶ್ನೆ. ನಾನು ಎಡಗಣ್ಣಲ್ಲಿ ನೋಡೋನು, ಕನ್ನಡಕವೂ ಇದೆ. ಮೂಲೆಯಲ್ಲಿರೋ ವ್ಯೂಫೈಂಡರ್ ಆಗುತ್ತಾ? ಮತ್ತೆ ಎಲ್ಲರೂ ಸೋನಿಯದೇ ಚಿಕ್ಕ ಸೆನ್ಸರಿನ (ಎಪಿಎಸ್-ಸಿ) ಎ6700 ಸಾಕು ಅಂತಾರೆ, ನಿಜವಾ?

ಎಫ್‌ಸ್ಟಾಪ್:

ಬಲಗಣ್ಣಿನವರಿಗೆ ಮೂಲೆಯ ವ್ಯೂಫೈಂಡರ್ ವರ, ಮೂಗು ಬಾಡಿಯಿಂದ ಆಚೆ ಇರುತ್ತೆ. ಎಡಗಣ್ಣಿನವರ ಮೂಗು ನೇರವಾಗಿ ಸ್ಕ್ರೀನಿಗೆ ಒತ್ತುತ್ತೆ, ಟಚ್‌ಪ್ಯಾಡ್ ಆನ್ ಇದ್ದರೆ ಫೋಕಸ್ ಬಿಂದು ಮೂಗಿನ ಹಿಂದೆ ಓಡಾಡುತ್ತೆ. ಈ ಬಾಡಿಯಲ್ಲಿ ಜಾಯ್‌ಸ್ಟಿಕ್ ಇಲ್ಲವಾದ್ದರಿಂದ ಟಚ್‌ಪ್ಯಾಡನ್ನು ಪೂರ್ತಿ ಆಫ್ ಮಾಡೋದೂ ಕಷ್ಟ. ಟಚ್‌ಪ್ಯಾಡ್ ಜಾಗವನ್ನು ಬಲ ಅರ್ಧಕ್ಕೆ ಮಾತ್ರ ಸೀಮಿತಗೊಳಿಸಿ, ಹೆಬ್ಬೆರಳು ಅಲ್ಲಿಗೆ ಎಟುಕುತ್ತೆ. ಫೈಂಡರ್ 0.70 ಪಟ್ಟು, 2.36 ಮಿಲಿಯನ್ ಡಾಟ್. ಎ7 4ರಲ್ಲಿ 0.78 ಪಟ್ಟು, 3.69 ಮಿಲಿಯನ್. ಕನ್ನಡಕ ಹಾಕಿಕೊಂಡು ಅಂಗಡಿಯಲ್ಲಿ ನಾಲ್ಕೂ ಮೂಲೆ ಕಾಣುತ್ತಾ ನೋಡದೆ ದುಡ್ಡು ಕೊಡಬೇಡಿ.

ಎ6700 ವಿಷಯ ಲೆಕ್ಕದಲ್ಲೇ ನೋಡೋಣ, ಸ್ವಲ್ಪ ಆಶ್ಚರ್ಯ ಕಾದಿದೆ. ಅದು 493 ಗ್ರಾಂ, ಎ7ಸಿ 2ಕ್ಕಿಂತ ಬರೀ 21 ಗ್ರಾಂ ಕಡಿಮೆ. ಬ್ಯಾಟರಿ ಅದೇ, ಫೈಂಡರ್ ಅದೇ ಮೂಲೆಯಲ್ಲಿ, ಸಿಂಕ್ ಅದೇ 1/160. ಎಪಿಎಸ್-ಸಿ ಮೇಲೆ ಸಿಗ್ಮಾ 30 ಎಂಎಂ ಎಫ್/1.4 (265 ಗ್ರಾಂ) ಅಂದರೆ ನೋಟದಲ್ಲಿ, ಬೆಳಕಿನ ಒಟ್ಟು ಮೊತ್ತದಲ್ಲಿ ಫುಲ್‌ಫ್ರೇಮಿನ 45 ಎಂಎಂ ಎಫ್/2.1. ಒಟ್ಟು 758 ಗ್ರಾಂ. ಎ7ಸಿ 2 ಜೊತೆ 40 ಎಂಎಂ ಎಫ್/2.5 ಅಂದರೆ 687. ಅಂದರೆ ಒಂದೇ ಪ್ರೈಮ್ (ಜೂಮ್ ಆಗದ ಲೆನ್ಸ್) ಸಾಕು ಅನ್ನೋರಿಗೆ ಫುಲ್‌ಫ್ರೇಮೇ ಹಗುರ, ಆದರೆ ರಾತ್ರಿ ಬೆಳಕಿನಲ್ಲಿ ಲಾಭ ಏನೂ ಇಲ್ಲ, ಅರ್ಧ ಸ್ಟಾಪ್ ಹಿಂದೆಯೇ. ದುಬಾರಿ ಸೆನ್ಸರ್ ಕೊಂಡು ಅದರ ಮುಂದೆ ಮಂದ ಲೆನ್ಸ್ ಕೂರಿಸಿದಾಗ ಆಗೋದೇ ಇದು.

ಜೂಮ್ ಲೆಕ್ಕ ಬೇರೆ. ಎ6700 + ಸಿಗ್ಮಾ 18-50 ಎಫ್/2.8: 783 ಗ್ರಾಂ. ಎ7ಸಿ 2 + ಟ್ಯಾಮ್ರಾನ್ 28-75 ಎಫ್/2.8 ಜಿ2: 1054. ಹೆಚ್ಚುವರಿ 271 ಗ್ರಾಮಿಗೆ ಒಂದು ಸ್ಟಾಪಿಗಿಂತ ಸ್ವಲ್ಪ ಹೆಚ್ಚು ಸಿಗುತ್ತೆ. ಕರಗದ ರಾತ್ರಿಯಲ್ಲಿ ಐಎಸ್‌ಒ 12800 ಬದಲು 6400ರ ಹತ್ತಿರ ನಿಲ್ಲಬಹುದು. ಅಲ್ಲಿ ಸ್ಟೆಬಿಲೈಸೇಶನ್ ನೆರವಿಗೆ ಬರಲ್ಲ. ದೇವಸ್ಥಾನದ ದೀಪಕ್ಕೆ 1/8ರಲ್ಲಿ ಕೈ ನಡುಗದಂತೆ ನೋಡಿಕೊಳ್ಳುತ್ತೆ ಹೊರತು ಓಡೋ ವೀರಕುಮಾರರನ್ನು ನಿಲ್ಲಿಸಲ್ಲ.

ನಿಮ್ಮ ಬಳಕೆಗೆ ನನ್ನ ಮತ: ಎ7ಸಿ 2, 40 ಎಂಎಂ ಎಫ್/2.5, ಮದುವೆಗೆ 85 ಎಂಎಂ ಎಫ್/1.8 (371 ಗ್ರಾಂ). ಜೂಮ್ ಇಲ್ಲದೆ ಆಗಲ್ಲ ಅನ್ನಿಸಿದರೆ ಎ6700, ಉಳಿದ ದುಡ್ಡು ಲೆನ್ಸಿಗೆ.

ಗಟ್ಟಿಮೇಳ_ಕ್ಲಿಕ್:

85ರ ಮಾತು ಒಪ್ಪಿದೆ. ಜೂಮ್ ಬೇಡ ಅನ್ನೋದು ಒಪ್ಪಲ್ಲ: ಹಸೆಮಣೆ ಸುತ್ತ ನೆಂಟರು ಮುತ್ತಿಕೊಂಡಾಗ ಹಿಂದೆ ಸರಿಯೋಕೆ ಜಾಗ ಎಲ್ಲಿರುತ್ತೆ? ಕನಿಷ್ಠ ಆ 28-60 ಆದರೂ ಜೇಬಿನಲ್ಲಿರಲಿ.

ಅಂಗಡಿಗೆ ಹೋದಾಗ ಇಷ್ಟು ಮಾಡಿ. ಎಫ್/1.8 ಲೆನ್ಸ್ ಹಾಕಿಸಿ, ಹತ್ತಿರದ ವಸ್ತುವಿಗೆ ಫೋಕಸ್ ಇಟ್ಟು, ಹಿಂದೆ ಬಲ್ಬುಗಳು ಬರೋ ಹಾಗೆ 1/4000ರಲ್ಲಿ ಒಂದು, 1/500ರಲ್ಲಿ ಒಂದು ತೆಗೆದು ದುಂಡುಗಳನ್ನು ಹೋಲಿಸಿ. ಸೈಲೆಂಟ್ ಮಾಡಿ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ 1/500ರಲ್ಲಿ ಇನ್ನೊಂದು, ಪಟ್ಟೆ ಅಲ್ಲೇ ಕಾಣುತ್ತೆ. ದೊಡ್ಡ ಜೂಮ್ ಹಾಕಿ ಐದು ನಿಮಿಷ ಒಂದೇ ಕೈಲಿ ಹಿಡಿದುಕೊಂಡು ನಿಂತಿರಿ. ಡಬ್ಬದ ಮೇಲಿನ ಸೀರಿಯಲ್ ನಂಬರ್, ಬಾಡಿಯ ತಳದ್ದು, ಜಿಎಸ್‌ಟಿ ಬಿಲ್ಲಿನಲ್ಲಿ ಬರೆದದ್ದು ಮೂರೂ ಒಂದೇ ಇರಬೇಕು. ಬಿಲ್ ಇಲ್ಲದ ಹೊರದೇಶದ ಮಾಲು ಅಗ್ಗಕ್ಕೆ ಸಿಕ್ಕರೂ ಇಲ್ಲಿ ವಾರಂಟಿ ಕೇಳೋ ಹಾಗಿಲ್ಲ.

ರಾಜಾಜಿನಗರ_ರಾ:

ಒಂದು ಬಿಟ್ಟುಹೋಯ್ತು. ವಿಡಿಯೋ ಮಾಡೋದಾದರೆ ಮೆನುವಿನಲ್ಲಿ ಆಟೋ ಪವರ್ ಆಫ್ ಟೆಂಪರೇಚರ್ ಅನ್ನು ಹೈಗೆ ಇಡಿ, ಸ್ಕ್ರೀನನ್ನು ಬಾಡಿಯಿಂದ ಆಚೆ ತಿರುಗಿಸಿಡಿ. ಪುಟ್ಟ ಬಾಡಿಯಲ್ಲಿ ಬಿಸಿ ಹೋಗೋಕೆ ಜಾಗ ಕಡಿಮೆ, ಏಪ್ರಿಲ್ ಬಿಸಿಲಲ್ಲಿ 4ಕೆ 60 ಓಡಿಸಿದರೆ ಮಧ್ಯದಲ್ಲೇ ನಿಂತೀತು. ಎಚ್‌ಡಿಎಂಐ ಕೂಡ ಮೈಕ್ರೋ, ಎ7 4ರ ಹಾಗೆ ದೊಡ್ಡದಲ್ಲ. ಕೇಬಲ್ ಯಾರಾದರೂ ಎಡವಿದರೆ ಪೋರ್ಟೇ ಕಿತ್ತು ಬರುತ್ತೆ, ಕ್ಲ್ಯಾಂಪ್ ಹಾಕಿ.