ಲೆಕ್ಕ ಸರಿಹೋದರೆ ಸಾಕಾ? ವಿಜಯಪುರದ ನಮ್ಮ ಪಿಯುಸಿ ಗುಂಪಿನಲ್ಲಿ

ಬಸವರಾಜ (ಫಾರ್ವರ್ಡ್): ತರ್ಕದಿಂದ ಗಣಿತ, ಗಣಿತದಿಂದ ಭೌತಶಾಸ್ತ್ರ, ಅದರಿಂದ ರಸಾಯನಶಾಸ್ತ್ರ. ಗಣಿತ ಬಂದರೆ ಉಳಿದದ್ದೆಲ್ಲ ತಾನಾಗಿ ಬರುತ್ತೆ.

ಬಸವರಾಜ: ಸರಿಯಾಗಿದೆ ನೋಡ್ರಿ. ರಾಸಾಯನಿಕ ಸಮೀಕರಣ ಸರಿದೂಗಿಸೋದು, ಅಂದ್ರೆ ಎರಡೂ ಕಡೆ ಪರಮಾಣುಗಳ ಲೆಕ್ಕ ಸಮ ಮಾಡೋದು, ಬೀಜಗಣಿತ ತಾನೆ? ಸುಮ್ನೆ ಬಾಯಿಪಾಠ ಮಾಡಿಸಿದ್ರು.

ಮಹಾಂತೇಶ: ಹೌದು. ಬಾಗಲಕೋಟೆ ಕಡೆಯ ಸುಣ್ಣದ ಕಲ್ಲನ್ನೇ ತಗೊಳ್ಳಿ. ಶುದ್ಧವಾಗಿದ್ದರೆ 100 ಕಿಲೋ ಸುಟ್ಟಾಗ 56 ಕಿಲೋ ಸುಣ್ಣ, 44 ಕಿಲೋ ಕಾರ್ಬನ್ ಡೈಆಕ್ಸೈಡ್. ಭಟ್ಟಿ ಹಚ್ಚುವ ಮೊದಲೇ ಗೊತ್ತು.

ಶೋಭಾ: ಬಸು, ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಒಂದು ತಾಮ್ರ, ಎರಡು ಹೈಡ್ರೋಕ್ಲೋರಿಕ್ ಆಮ್ಲ. ಆಚೆ ಒಂದು ಕಾಪರ್ ಕ್ಲೋರೈಡ್, ಒಂದು ಹೈಡ್ರೋಜನ್. ಲೆಕ್ಕ ಚೊಕ್ಕವಾಗಿದೆ. ಆದರೆ ತಾಮ್ರದ ಚೂರು ಹಾಕಿದರೆ ಹೈಡ್ರೋಜನ್ ಏಳೋದಿಲ್ಲ. ಸತು ಹಾಕು, ಬುಸುಬುಸು ಗುಳ್ಳೆ! ಸರಿದೂಗದ್ದು ತಪ್ಪು ಅಂತ ತರ್ಕ ಹೇಳುತ್ತೆ. ಸರಿದೂಗಿದ್ದೆಲ್ಲ ನಡೆಯುತ್ತೆ ಅಂತ ಹೇಳಲ್ಲ.

ಬಸವರಾಜ: ನಡೆಯಲ್ಲ ಅನ್ನೋದನ್ನೂ ಲೆಕ್ಕವೇ ಹೇಳುತ್ತಲ್ವಾ? ತಾಮ್ರದ ಎಲೆಕ್ಟ್ರೋಡ್ ಪೊಟೆನ್ಶಿಯಲ್ (ಎಲೆಕ್ಟ್ರಾನ್ ಸೆಳೆಯುವ ಒಲವಿನ ಅಳತೆ) +0.34 ವೋಲ್ಟ್, ಹೈಡ್ರೋಜನ್‌ದು ಸೊನ್ನೆ. ಹೆಚ್ಚಿರೋ ಲೋಹ ಇಂಥ ಆಮ್ಲದಿಂದ ಹೈಡ್ರೋಜನ್ ಬಿಡಿಸಲ್ಲ.

ಶೋಭಾ: ಆ 0.34 ಎಲ್ಲಿಂದ ಬಂತು? ಪ್ರಯೋಗಾಲಯದಲ್ಲಿ ಅಳೆದು ಬರೆದಿಟ್ಟದ್ದು.

ಮಹಾಂತೇಶ: ಭೌತವಿಜ್ಞಾನಿ ಡಿರಾಕ್ 1929ರಲ್ಲೇ ಹೇಳಿದ್ದಾರಲ್ಲ, ಇಡೀ ರಸಾಯನಶಾಸ್ತ್ರಕ್ಕೆ ಬೇಕಾದ ಮೂಲ ನಿಯಮಗಳು ಸಿಕ್ಕಿವೆ ಅಂತ.

ಶೋಭಾ: ಆ ನಿಯಮಗಳಿಂದ ಬರುವ ಸಮೀಕರಣಗಳು ಬಿಡಿಸಲಾಗದಷ್ಟು ಜಟಿಲ ಅಂತಲೂ ಅಲ್ಲೇ ಹೇಳಿದ್ದಾರೆ. ಫಾರ್ವರ್ಡ್ ಮಾಡುವವರು ಆ ಅರ್ಧ ಬಿಟ್ಟುಬಿಡ್ತಾರೆ, ನನಗೆ ಸಿಟ್ಟು ಬರೋದು ಅದಕ್ಕೇ.

ಶೋಭಾ: ಇನ್ನೊಂದು ನೋಡಿ, ನನಗೆ ತುಂಬಾ ಇಷ್ಟವಾದದ್ದು. ಪೊಟ್ಯಾಷಿಯಂ ಪರ್ಮ್ಯಾಂಗನೇಟ್ 2, ಹೈಡ್ರೋಜನ್ ಪೆರಾಕ್ಸೈಡ್ 5, ಸಲ್ಫ್ಯೂರಿಕ್ ಆಮ್ಲ 3. ಬಲಗಡೆ ನೀರು 8, ಆಕ್ಸಿಜನ್ 5, ಜೊತೆಗೆ ಸಲ್ಫೇಟ್‌ಗಳು. ಪುಸ್ತಕದಲ್ಲಿರೋದು ಇದು. ಈಗ ಉಳಿದದ್ದನ್ನು ಹಾಗೇ ಇಟ್ಟು ಪೆರಾಕ್ಸೈಡ್ 7, ನೀರು 10, ಆಕ್ಸಿಜನ್ 6 ಮಾಡಿ. ಅದೂ ಸರಿಹೋಗುತ್ತೆ! ಬೀಜಗಣಿತಕ್ಕೆ ಇಂಥ ಉತ್ತರಗಳು ಲೆಕ್ಕವಿಲ್ಲದಷ್ಟು. ಆಮ್ಲ ಬೆರೆಸಿದ ಪೆರಾಕ್ಸೈಡ್‌ಗೆ ಬ್ಯುರೆಟ್‌ನಿಂದ (ಅಳತೆಗೆರೆ ಇರುವ ಗಾಜಿನ ನಳಿಕೆ) ಹನಿಹನಿಯಾಗಿ ನೇರಳೆ ಪರ್ಮ್ಯಾಂಗನೇಟ್ ಬಿಟ್ಟು ನೋಡಿ. ಬಿದ್ದ ಬಣ್ಣ ಮಾಯವಾಗ್ತಾ ಹೋಗುತ್ತೆ. ನಸುಗುಲಾಬಿ ನಿಲ್ಲೋದು 2ಕ್ಕೆ 5ರ ಲೆಕ್ಕ ತುಂಬಿದಾಗ. ಒಂದೊಂದು ಮ್ಯಾಂಗನೀಸ್ 5 ಎಲೆಕ್ಟ್ರಾನ್ ತಗೊಳ್ಳುತ್ತೆ, ಒಂದೊಂದು ಪೆರಾಕ್ಸೈಡ್ 2 ಕೊಡುತ್ತೆ. ಇದನ್ನು ರಸಾಯನಶಾಸ್ತ್ರ ಹೇಳಿಕೊಟ್ಟ ಮೇಲೆ ತಾನೆ ಗಣಿತ ಒಂದೇ ಉತ್ತರಕ್ಕೆ ಬರೋದು?

ಬಸವರಾಜ: ಹಾಳೆ ಮೇಲೆ 7 ಇಟ್ಟು ನೋಡಿದೆ. ನಿಜಕ್ಕೂ ತಾಳೆ ಆಗುತ್ತೆ! ಹಾಗಾದ್ರೆ 9 ಕೂಡ ಆಗ್ಬೇಕಲ್ಲ?

ಶೋಭಾ: ಆಗುತ್ತೆ. ನೀರು 12, ಆಕ್ಸಿಜನ್ 7.